ಮಂದ ಮಾರುಕಟ್ಟೆಯಲ್ಲಿ ದಾವಣಗೆರೆಯ ಮನೆ ಮಾರಾಟ: ಯಾವ ಬ್ರೋಕರ್, ಯಾವ ಷರತ್ತು

ಗೇಟಿಗೆ ‘ಮನೆ ಮಾರಾಟಕ್ಕಿದೆ’ ಬೋರ್ಡು ಕಟ್ಟಿ ನಾಲ್ಕು ತಿಂಗಳಾಯಿತು. ಫೋನು ಬರುತ್ತವೆ, ಭಾನುವಾರ ಎರಡು ಸಂಸಾರ ಬಂದು ನೋಡಿಕೊಂಡು ಹೋಗುತ್ತವೆ, ‘ಮನೇಲಿ ಮಾತಾಡಿ ಹೇಳ್ತೀವಿ’ ಅಂದವರು ಮತ್ತೆ ಕರೆ ಮಾಡುವುದಿಲ್ಲ. ವಿದ್ಯಾನಗರವಿರಲಿ, ನಿಟುವಳ್ಳಿಯಿರಲಿ, ಹಳೇಪೇಟೆಯಿರಲಿ, ಮಾರುಕಟ್ಟೆ ಮಂದವಾದಾಗ ಕಾಣುವ ಲಕ್ಷಣ ಇದೇ: ವಿಚಾರಿಸುವವರಿಗೆ ಕೊರತೆಯಿಲ್ಲ, ಅಡ್ವಾನ್ಸ್ ಕೊಡುವವರಿಲ್ಲ. ಆಗ ಬಹಳಷ್ಟು ಜನ ಮಾಡುವುದು ಇನ್ನೂ ನಾಲ್ಕು ಬ್ರೋಕರ್‌ಗಳಿಗೆ ನಂಬರ್ ಕೊಡುವ ಕೆಲಸ. ಇದರಿಂದ ಮಾರಾಟ ಬೇಗ ಆಗುವುದಿಲ್ಲ, ಬೆಲೆ ಮಾತ್ರ ಬೇಗ ಇಳಿಯುತ್ತದೆ.

ಏಕೆಂದರೆ ಒಂದೇ ಮನೆ ನಾಲ್ಕು ವಾಟ್ಸಾಪ್ ಗ್ರೂಪಿನಲ್ಲಿ ನಾಲ್ಕು ರೇಟಿಗೆ ಓಡಾಡತೊಡಗುತ್ತದೆ. ಒಬ್ಬ 52 ಲಕ್ಷ ಎನ್ನುತ್ತಾನೆ, ಇನ್ನೊಬ್ಬ 50, ಮೂರನೆಯವನು ‘ಕೂತು ಮಾತಾಡಿದ್ರೆ 47ಕ್ಕೂ ಬರ್ತಾರೆ’ ಎಂದು ನಿಮ್ಮನ್ನು ಕೇಳದೆಯೇ ಮಾತು ಕೊಟ್ಟಿರುತ್ತಾನೆ. ಕೊಳ್ಳುವವರು ಚೌಕಾಶಿ ಶುರು ಮಾಡುವುದು 47ರಿಂದ ಕೆಳಕ್ಕೆ. ಜೊತೆಗೆ ‘ಇಷ್ಟು ಜನರ ಕೈಲಿದ್ದರೂ ಹೋಗಿಲ್ಲ ಅಂದ್ರೆ ಕಾಗದದಲ್ಲಿ ಏನೋ ತಕರಾರಿರಬೇಕು’ ಎಂಬ ಮಾತು ಹುಟ್ಟುತ್ತದೆ. ನಮ್ಮ ಊರಿನಂಥ ಊರಿನಲ್ಲಿ ಇಂಥ ಮಾತು ಒಮ್ಮೆ ಹುಟ್ಟಿದರೆ ಅಳಿಸುವುದು ಕಷ್ಟ.

ಹಾಗಾಗಿ ನೋಡಬೇಕಾದ್ದು ಬ್ರೋಕರ್ ಯಾರು, ಯಾವ ಷರತ್ತಿನ ಮೇಲೆ ಎಂಬುದನ್ನು. ಬೆಲೆಯ ನಿಜವನ್ನು ಮೊದಲ ವಾರವೇ ಹೇಳಬೇಕು, ನಿಮ್ಮ ಮನೆಗೆ ಒಗ್ಗುವ ಪಾರ್ಟಿ ಅವರ ಬಳಿ ಇರಬೇಕು, ಬಂದ ಆಫರ್ ಯಾವುದನ್ನೂ ನಿಮ್ಮಿಂದ ಮುಚ್ಚಿಡಬಾರದು. ಕಮಿಷನ್ ಶೇಕಡಾ ಒಂದೋ ಎರಡೋ ಎಂಬುದು ಇವೆಲ್ಲದರ ನಂತರದ ಪ್ರಶ್ನೆ.

ಮೊದಲು ನಿಮ್ಮ ಕೈಯಲ್ಲಿ ಒಂದು ಅಂಕಿ ಇರಲಿ

ಬ್ರೋಕರ್‌ನ ಹತ್ತಿರ ‘ಎಷ್ಟಕ್ಕೆ ಹೋಗುತ್ತೆ?’ ಎಂದು ಕೇಳುವ ಮುಂಚೆ ನಿಮ್ಮದೇ ಲೆಕ್ಕ ಮಾಡಿಕೊಳ್ಳಿ. ಬ್ಯಾಂಕಿನ ಮೌಲ್ಯಮಾಪಕರು ಮಾಡುವ ರೀತಿಯೇ ಸುಲಭ: ಸೈಟಿನ ಬೆಲೆ ಬೇರೆ, ಕಟ್ಟಡದ ಬೆಲೆ ಬೇರೆ. 30x40 ಸೈಟು, 9 ಚದರದ (900 ಚದರಡಿ) ಆರ್‌ಸಿಸಿ ಮನೆ, ಕಟ್ಟಿ 20 ವರ್ಷ ಎಂದಿಟ್ಟುಕೊಳ್ಳಿ. ಸೈಟಿಗೆ ಅಡಿಗೆ 3,000 ರೂಪಾಯಿ ಹಿಡಿದರೆ 36 ಲಕ್ಷ. ಇವತ್ತು ಅದೇ ಮನೆ ಕಟ್ಟಲು ಅಡಿಗೆ 1,800 ಹಿಡಿದರೆ 900 ಅಡಿಗೆ 16.20 ಲಕ್ಷ. ಆರ್‌ಸಿಸಿ ಕಟ್ಟಡದ ಆಯಸ್ಸು 60 ವರ್ಷ, ಕೊನೆಗೆ ಉಳಿಯುವ ಮೌಲ್ಯ ಶೇ. 10 ಎಂದು ಹಿಡಿಯುವುದು ವಾಡಿಕೆ. ಹಾಗೆ ನೋಡಿದರೆ 20 ವರ್ಷಕ್ಕೆ ಶೇ. 30 ಸವಕಳಿ. 16.20 ಲಕ್ಷದಲ್ಲಿ 4.86 ಲಕ್ಷ ಕಳೆದರೆ ಕಟ್ಟಡಕ್ಕೆ 11.34 ಲಕ್ಷ. ಒಟ್ಟು 47.34 ಲಕ್ಷ. ಈ ರೇಟುಗಳು ಲೆಕ್ಕ ತೋರಿಸಲು ಹಿಡಿದವು. ನಿಮ್ಮ ಬೀದಿಯ ರೇಟು ಹಾಕಿ ನೀವೇ ಮಾಡಿ ನೋಡಿ.

ಮಾರುವವರಿಗೆ ನುಂಗಲು ಕಷ್ಟವಾಗುವುದು ಈ ಸವಕಳಿಯೇ. ತೇಗದ ಬಾಗಿಲು, ಗ್ರಾನೈಟ್, ಮಾಡ್ಯುಲರ್ ಕಿಚನ್‌ಗೆ ಹಾಕಿದ ಹಣ ನೆನಪಿನಲ್ಲಿರುತ್ತದೆ. ಕೊಳ್ಳುವವರು ಅದಕ್ಕೆ ಅರ್ಧ ಬೆಲೆಯನ್ನೂ ಕಟ್ಟುವುದಿಲ್ಲ, ಬ್ಯಾಂಕಂತೂ ಕಟ್ಟುವುದೇ ಇಲ್ಲ. ಅವರ ಸಾಲ ಮಂಜೂರಾಗುವುದು ಬ್ಯಾಂಕಿನ ಮೌಲ್ಯಮಾಪನದ ಮೇಲೆ. ನೀವು ಹೇಳಿದ ಬೆಲೆ ಅದಕ್ಕಿಂತ ಆರು ಲಕ್ಷ ಹೆಚ್ಚಿದ್ದರೆ ಆ ಆರು ಲಕ್ಷವನ್ನು ಅವರು ಕೈಯಿಂದ ತರಬೇಕು. ಮಾತು ಮುಗಿದ ಎಷ್ಟೋ ವ್ಯವಹಾರಗಳು ತಿಂಗಳಾದ ಮೇಲೆ ಮುರಿಯುವುದು ಈ ಕಾರಣಕ್ಕೆ.

ಇನ್ನು ಕಾಯುವುದಕ್ಕೂ ಖರ್ಚಿದೆ. 47 ಲಕ್ಷಕ್ಕೆ ವರ್ಷಕ್ಕೆ ಶೇ. 7ರ ಬಡ್ಡಿ ಹಿಡಿದರೆ 3.29 ಲಕ್ಷ, ಅಂದರೆ ತಿಂಗಳಿಗೆ 27 ಸಾವಿರದಷ್ಟು. ಮನೆ ಖಾಲಿ ಬಿದ್ದಿದ್ದರೆ ಅಷ್ಟೂ ನಷ್ಟ. ಹತ್ತು ಸಾವಿರ ಬಾಡಿಗೆ ಬರುತ್ತಿದ್ದರೆ 17 ಸಾವಿರ. ‘ಇನ್ನು ಮೂರು ಲಕ್ಷ ಹೆಚ್ಚಿಗೆ ಬರೋತನಕ ಬಿಡಲ್ಲ’ ಎಂದು ಖಾಲಿ ಮನೆಯನ್ನು ಒಂದು ವರ್ಷ ಇಟ್ಟುಕೊಂಡವರು ಮೂರು ಲಕ್ಷ ಬಂದರೂ ಗೆದ್ದಂತಲ್ಲ. ಸಾಲ ಬಾಕಿ ಇರುವ ಮನೆಯಾದರೆ ಲೆಕ್ಕ ಇನ್ನೂ ಕಹಿ.

ಕಮಿಷನ್ನಿನ ವಿಷಯವನ್ನೂ ಇದೇ ತಕ್ಕಡಿಯಲ್ಲಿಟ್ಟು ನೋಡಿ. ರೂಢಿಯಲ್ಲಿ ಮಾರುವವರಿಂದ ಶೇ. 1ರಿಂದ 2, ಕೊಳ್ಳುವವರಿಂದಲೂ ಅಷ್ಟೇ. 47 ಲಕ್ಷಕ್ಕೆ ಒಂದು ಶೇಕಡಾ ಎಂದರೆ 47 ಸಾವಿರ, ಎರಡು ಎಂದರೆ 94 ಸಾವಿರ. ವ್ಯತ್ಯಾಸ ಖಾಲಿ ಮನೆಯ ಎರಡು ತಿಂಗಳ ನಷ್ಟಕ್ಕಿಂತ ಕಡಿಮೆ. ಎರಡು ತಿಂಗಳು ಬೇಗ ಮಾರಿಕೊಡುವವರಿಗೆ ಎರಡು ಶೇಕಡಾ ಕೊಟ್ಟರೆ ಲಾಭ ನಿಮ್ಮದೇ. ಜಿಎಸ್‌ಟಿ ನೋಂದಣಿ ಇರುವ ಏಜೆನ್ಸಿಯಾದರೆ ಕಮಿಷನ್ ಮೇಲೆ ಶೇ. 18 ತೆರಿಗೆ ಸೇರುತ್ತದೆ. ಅದು ಹೇಳಿದ ಮೊತ್ತದೊಳಗೋ ಹೊರಗೋ ಎಂದು ಮೊದಲೇ ಕೇಳಿಕೊಳ್ಳಿ.

ನಾಲ್ಕು ದಾರಿಗಳು

ಬಡಾವಣೆಯ ಹಳೇ ದಲ್ಲಾಳಿ. ಆಫೀಸಿಲ್ಲ, ಬೋರ್ಡಿಲ್ಲ. ಬೆಳಿಗ್ಗೆ ಹೋಟೆಲ್ಲಿನಲ್ಲಿ ಸಿಗುತ್ತಾರೆ, ಊರಿನ ಅರ್ಧ ಮನೆಗಳ ಜಾತಕ ಬಾಯಲ್ಲಿದೆ. ಹಳೇಪೇಟೆ, ಮಂಡಿಪೇಟೆ, ಚೌಕಿಪೇಟೆಯಂಥ ಕಡೆ ಇವರಿಗೆ ಸಮನಾದವರಿಲ್ಲ. ಅಲ್ಲಿನ ಮನೆಗಳಿಗೆ ಗೋಡೆ ಜಂಟಿ, ಓಣಿ ಕಿರಿದು, ಕಾರು ನಿಲ್ಲಿಸಲು ಜಾಗವಿಲ್ಲ. ಹೊರಗಿನವರು ಕೊಳ್ಳುವುದು ಅಪರೂಪ. ಅತಿ ಹೆಚ್ಚು ಬೆಲೆ ಕೊಡಬಲ್ಲವರು ಪಕ್ಕದ ಗೋಡೆಯವರೇ, ಏಕೆಂದರೆ ಎರಡು ಸೇರಿದರೆ ಅವರ ಮನೆಗೆ ಬೆಲೆ ಬರುತ್ತದೆ. ಆದರೆ ನೀವೇ ಹೋಗಿ ಕೇಳಿದರೆ ‘ಕಷ್ಟದಲ್ಲಿದ್ದಾರೆ’ ಎಂದು ಅವರು ಬೆಲೆ ಇಳಿಸುತ್ತಾರೆ. ಈ ಮಾತನ್ನು ಮೂರನೆಯವರ ಬಾಯಲ್ಲಿ ಆಡಿಸುವುದೇ ಹಳೇ ದಲ್ಲಾಳಿಯ ಬೆಲೆ. ಕೊರತೆ ಎಂದರೆ ಎಲ್ಲವೂ ಬಾಯಿ ಮಾತು. ಬ್ಯಾಂಕ್ ಸಾಲ, ಇ-ಖಾತೆಯ (ಪಾಲಿಕೆಯ ಗಣಕೀಕೃತ ಆಸ್ತಿ ದಾಖಲೆ) ಕೆಲಸ ಇವರ ಕೈಯಲ್ಲಿ ನಿಧಾನ.

ಆಫೀಸಿರುವ ಏಜೆನ್ಸಿ. ಎಂಸಿಸಿ ಬ್ಲಾಕ್‌ಗಳು, ವಿದ್ಯಾನಗರ, ಎಸ್.ಎಸ್. ಬಡಾವಣೆ, ನಿಜಲಿಂಗಪ್ಪ ಬಡಾವಣೆ ಕಡೆಯ ಮನೆಗಳಿಗೆ ಇದು ಒಗ್ಗುತ್ತದೆ. ಅಲ್ಲಿ ಕೊಳ್ಳುವವರು ವೈದ್ಯರು, ಕಾಲೇಜಿನ ಅಧ್ಯಾಪಕರು, ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಮಕ್ಕಳ ತಂದೆ-ತಾಯಿ. ಬಹುತೇಕ ಎಲ್ಲರಿಗೂ ಗೃಹಸಾಲ ಬೇಕು, ಎಲ್ಲರೂ ಕಾಗದ ಕೇಳುತ್ತಾರೆ, ಫೋಟೊ ನೋಡಿಯೇ ಬರುತ್ತಾರೆ. ಏಜೆನ್ಸಿ ಒಳ್ಳೆಯದಾದರೆ ಬ್ಯಾಂಕಿನ ಜೊತೆ ಓಡಾಟ, ಕರಡು ಪತ್ರ, ನೋಂದಣಿಯ ಸ್ಲಾಟ್ ತನಕ ನಡೆಸಿಕೊಡುತ್ತದೆ. ಇಲ್ಲಿ ಒಂದು ಎಚ್ಚರ: ಹೆಚ್ಚಿನವರ ಮುಖ್ಯ ವ್ಯಾಪಾರ ಹೊಸ ಬಡಾವಣೆಯ ಸೈಟುಗಳದ್ದು. ನಿಮ್ಮ ಮನೆ ನೋಡಲು ಬಂದ ಪಾರ್ಟಿಯನ್ನು ಸಂಜೆ ಸೈಟು ತೋರಿಸಲು ಕರೆದೊಯ್ಯುತ್ತಾರೆ. ‘ಕಳೆದ ಆರು ತಿಂಗಳಲ್ಲಿ ಎಷ್ಟು ಹಳೇ ಮನೆ ಮಾರಿದ್ದೀರಿ?’ ಎಂದು ಕೇಳಿ, ಸೈಟಿನ ಲೆಕ್ಕ ಬೇಡ ಎನ್ನಿ.

‘ನಾವು ರೇರಾ ಏಜೆಂಟ್’ ಎಂಬ ಮಾತಿಗೆ ಎಷ್ಟು ತೂಕ ಕೊಡಬೇಕು? ರೇರಾ ಎಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆ. ಅದರಂತೆ ಏಜೆಂಟ್ ನೋಂದಣಿ ಕಡ್ಡಾಯವಾಗುವುದು ರೇರಾದಲ್ಲಿ ನೋಂದಣಿಯಾಗಬೇಕಾದ ಯೋಜನೆಗಳ ಸೈಟು, ಫ್ಲಾಟು ಮಾರಲು. ನಿಮ್ಮ ಹಳೇ ಮನೆಯ ಮರುಮಾರಾಟಕ್ಕೆ ಅದು ಬೇಕಿಲ್ಲ. ಇದ್ದರೆ ಒಳ್ಳೆಯದು, ವಿಳಾಸ ಗೊತ್ತಿರುವ ಮನುಷ್ಯ ಎಂಬಷ್ಟು ಭರವಸೆ. ಆ ನಂಬರ್ ಇದೆಯೆಂದು ಉಳಿದ ಪ್ರಶ್ನೆಗಳನ್ನು ಬಿಡಬೇಡಿ.

ಸ್ವಂತ ಮಾರಾಟ. ಆನ್‌ಲೈನ್ ಜಾಹೀರಾತು, ‘ಜನತಾವಾಣಿ’ಯಲ್ಲಿ ಸಣ್ಣ ಜಾಹೀರಾತು, ಗೇಟಿಗೊಂದು ಬೋರ್ಡು. ಇದು ನಡೆಯುವುದು ಕಾಗದ ಪೂರ್ತಿ ಸರಿಯಿದ್ದು, ನೀವು ಊರಿನಲ್ಲೇ ಇದ್ದು, ‘ಕೊನೇ ರೇಟು ಎಷ್ಟು?’ ಎಂದು ದಿನಕ್ಕೆ ಐದು ಸಲ ಕೇಳಿದರೂ ತಾಳ್ಮೆಯಿಂದ ಉತ್ತರಿಸುವ ಒಬ್ಬರು ಮನೆಯಲ್ಲಿದ್ದರೆ. ಬರುವ ಫೋನುಗಳಲ್ಲಿ ಅರ್ಧಕ್ಕರ್ಧ ಬ್ರೋಕರ್‌ಗಳದ್ದೇ. ‘ಪಾರ್ಟಿ ರೆಡಿ ಇದೆ’ ಎಂದವರಿಗೆಲ್ಲ ಮನೆ ತೋರಿಸಿದರೆ ಮೊದಲು ಹೇಳಿದ ನಾಲ್ಕು ರೇಟಿನ ಗೊಂದಲಕ್ಕೆ ಮತ್ತೆ ಬಂದು ಬೀಳುತ್ತೀರಿ. ಸ್ವಂತವಾಗಿ ಮಾರುವುದಾದರೆ ಆರು ವಾರದ ಗಡುವು ಹಾಕಿಕೊಳ್ಳಿ, ಆಮೇಲೆ ಒಬ್ಬರಿಗೆ ಒಪ್ಪಿಸಿ.

ಪತ್ರ ಬರಹಗಾರರ ಮೂಲಕ. ಉಪನೋಂದಣಾಧಿಕಾರಿ ಕಚೇರಿಯ ಸುತ್ತ ಬರೆಯುವವರಿಗೆ ಯಾರು ಮಾರಿ ಯಾರ ಕೈಯಲ್ಲಿ ಹಣ ಬಂದಿದೆ ಎಂಬುದು ಗೊತ್ತಿರುತ್ತದೆ, ಕೊಳ್ಳುವವರ ಸುಳಿವು ಕೊಡುತ್ತಾರೆ. ಸುಳಿವು ತೆಗೆದುಕೊಳ್ಳಿ. ಪತ್ರವನ್ನು ಮಾತ್ರ ನಿಮ್ಮ ವಕೀಲರಿಂದ ಓದಿಸಿ. ಎರಡೂ ಕಡೆಯವರಿಗೆ ಒಬ್ಬರೇ ಬರೆದರೆ ನಿಮ್ಮ ಪರವಾದ ಸಾಲುಗಳು ತಪ್ಪಿಹೋಗುತ್ತವೆ.

ಹಾಳು ಮಾಡುವ ಎರಡು ವ್ಯವಸ್ಥೆ

ಮಂದ ಮಾರುಕಟ್ಟೆಯಲ್ಲಿ ಮಾರುವವರ ಮುಂದೆ ಬರುವ ಎರಡು ಮಾತು ಕೇಳಲು ಹಿತವಾಗಿರುತ್ತವೆ. ಎರಡಕ್ಕೂ ಒಪ್ಪಬೇಡಿ ಎಂದೇ ಹೇಳುತ್ತೇವೆ.

ಮೊದಲನೆಯದು ನೆಟ್ ರೇಟು. ‘ನಿಮಗೆ ಕೈಗೆ ಎಷ್ಟು ಬೇಕು ಹೇಳಿ, ಮೇಲಿಂದು ನಂದು, ಕಮಿಷನ್ ಬೇಡ.’ ನೀವು 45 ಎನ್ನುತ್ತೀರಿ. ಅವರು 50ಕ್ಕೆ ತೋರಿಸುತ್ತಾರೆ. ಒಬ್ಬ ಪಾರ್ಟಿ 46ಕ್ಕೆ ನಿಜವಾಗಿ ಸಿದ್ಧ. ನಿಮ್ಮ ಮಟ್ಟಿಗೆ ಒಳ್ಳೆಯ ಆಫರ್, ಅವರ ಮಟ್ಟಿಗೆ ಒಂದೇ ಲಕ್ಷ. ‘ಆಗಲ್ಲ’ ಎಂದು ಕಳಿಸಿಬಿಡುತ್ತಾರೆ, ನಿಮಗೆ ಸುದ್ದಿಯೂ ಬರುವುದಿಲ್ಲ. ಚುರುಕು ಮಾರುಕಟ್ಟೆಯಲ್ಲಿ ಇನ್ನೊಬ್ಬ ಬರುತ್ತಾನೆ. ಮಂದವಾದಾಗ ಆ 46ರವನೇ ಆ ವರ್ಷದ ಒಬ್ಬನೇ ಗಂಭೀರ ಪಾರ್ಟಿ ಆಗಿರಬಹುದು. ಇನ್ನೂ ಒಂದು: ನೀವು ಮತ್ತು ಕೊಳ್ಳುವವರು ಮುಖಾಮುಖಿ ಆಗದಂತೆ ನೋಡಿಕೊಳ್ಳುವುದು ಅವರಿಗೆ ಅನಿವಾರ್ಯವಾಗುತ್ತದೆ, ನೋಂದಣಿ ಕಚೇರಿಯ ಮೆಟ್ಟಿಲ ಮೇಲೆ ಎರಡು ಬೆಲೆ ಹೊರಬಿದ್ದು ಜಗಳವಾಗುತ್ತದೆ.

ಎರಡನೆಯದು ಬ್ರೋಕರ್ ತಾನೇ ‘ಅಗ್ರಿಮೆಂಟ್ ಹಾಕಿಕೊಳ್ಳುವುದು’. 46 ಲಕ್ಷಕ್ಕೆ ಒಪ್ಪಿ, ಎರಡು ಲಕ್ಷ ಅಡ್ವಾನ್ಸ್ ಕೊಟ್ಟು, 11 ತಿಂಗಳ ಅವಧಿ ಬರೆಸಿಕೊಳ್ಳುತ್ತಾರೆ. ಆ 11 ತಿಂಗಳು ಅವರು 52ಕ್ಕೆ ಪಾರ್ಟಿ ಹುಡುಕುತ್ತಾರೆ. ನಿಮ್ಮ ಕೈ ಕಟ್ಟಿರುತ್ತದೆ. ಸಿಗದಿದ್ದರೆ ಅವಧಿ ಮುಂದಕ್ಕೆ ಕೇಳುತ್ತಾರೆ. ನಿರಾಕರಿಸಿದರೆ ಕರಾರಿನ ನೆರವೇರಿಕೆಗೆ ದಾವೆ ಹಾಕಲು ಅವರಿಗೆ ನಿಗದಿಪಡಿಸಿದ ದಿನಾಂಕದಿಂದ ಮೂರು ವರ್ಷ ಕಾಲಾವಕಾಶವಿದೆ. ನಿರ್ದಿಷ್ಟ ಪರಿಹಾರ ಕಾಯ್ದೆಯ 2018ರ ತಿದ್ದುಪಡಿಯ ನಂತರ ನೆರವೇರಿಕೆಯ ಆದೇಶ ಕೊಡುವುದು ನ್ಯಾಯಾಲಯದ ವಿವೇಚನೆಗೆ ಬಿಟ್ಟ ವಿಷಯವಾಗಿ ಉಳಿದಿಲ್ಲ. ಅಂದರೆ ಅಗ್ರಿಮೆಂಟ್ ಹಾಕಿಕೊಂಡವರ ಬದಿ ಬಲವಾಗಿದೆ. ದಾವೆ ನಡೆಯುತ್ತಿರುವ ಮನೆಯನ್ನು ಯಾವ ಬ್ಯಾಂಕೂ ಮುಟ್ಟುವುದಿಲ್ಲ. ಇದರ ಜೊತೆಗೆ ಜಿಪಿಎ (ನಿಮ್ಮ ಪರವಾಗಿ ವ್ಯವಹರಿಸುವ ಅಧಿಕಾರ ಪತ್ರ) ಕೇಳಿದರೆ ಅಲ್ಲಿಗೇ ಎದ್ದು ಬನ್ನಿ. ಜಿಪಿಎ ಮೂಲಕ ಮಾಲೀಕತ್ವ ವರ್ಗಾವಣೆ ಆಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ, ಆದರೆ ನಿಮ್ಮ ಹೆಸರಿನಲ್ಲಿ ಸಹಿ ಹಾಕುವ ಅಧಿಕಾರ ಬೇರೆಯವರ ಕೈಗೆ ಹೋಗಿರುತ್ತದೆ.

ಹಾಗಾದರೆ ಹೂಡಿಕೆಗಾಗಿ ಕೊಳ್ಳುವವರಿಗೆ ಕಡಿಮೆ ಬೆಲೆಗೆ ಕೊಡುವುದು ತಪ್ಪೇ? ಅಲ್ಲ. ತುರ್ತು ಇದ್ದರೆ ಮಾಡಬಹುದು. ಆದರೆ ಪೂರ್ತಿ ಹಣ, ನೇರ ಕ್ರಯಪತ್ರ, 30 ದಿನದೊಳಗೆ. ಕಡಿಮೆ ಬೆಲೆ ಕೊಡುವುದು ವೇಗಕ್ಕಾಗಿ. ಬೆಲೆಯನ್ನೂ ಇಳಿಸಿ ಕಾಲವನ್ನೂ ಕೊಡುವುದರಲ್ಲಿ ಅರ್ಥವಿಲ್ಲ.

ಬ್ರೋಕರ್‌ನನ್ನು ಪರೀಕ್ಷಿಸುವುದು

ಮೂವರನ್ನು ಕರೆಸಿ, ಬೇರೆ ಬೇರೆ ದಿನ. ನಿಮ್ಮ ಬೆಲೆ ಹೇಳಬೇಡಿ. ಮನೆ ತೋರಿಸಿ ಅಂಕಿ ಕೇಳಿ, ಯಾಕೆ ಅಷ್ಟು ಎಂದು ಕೇಳಿ. ಒಬ್ಬರು ಉಳಿದಿಬ್ಬರಿಗಿಂತ ಐದು ಲಕ್ಷ ಹೆಚ್ಚು ಹೇಳಿದರೆ ಹಿಗ್ಗಬೇಡಿ. ಮನೆ ಕೈಗೆ ಬರಲಿ ಎಂದು ಹೆಚ್ಚು ಹೇಳಿ, ಎರಡು ತಿಂಗಳಾದ ಮೇಲೆ ‘ಮಾರ್ಕೆಟ್ ಇಲ್ಲ ಸಾರ್, ಸ್ವಲ್ಪ ಇಳಿಸಿ’ ಎನ್ನುವುದು ಹಳೆಯ ಪಟ್ಟು. ಮೊದಲ ತಿಂಗಳಲ್ಲೇ ಹೊಸ ಮನೆ ಎಂದು ಬಂದು ನೋಡುವ ಗಂಭೀರ ಪಾರ್ಟಿಗಳು ಆ ತಪ್ಪು ಬೆಲೆಗೆ ಹೆದರಿ ಹೋಗಿರುತ್ತಾರೆ. ಇಳಿಸಿದ ಮೇಲೆ ಅವರನ್ನು ವಾಪಸು ಕರೆಯಲಾಗುವುದಿಲ್ಲ.

ಒಳ್ಳೆಯ ಏಜೆಂಟ್ ಮನೆಯೊಳಗೆ ಬಂದಾಗ ಏನು ಮಾಡುತ್ತಾರೆ ಗಮನಿಸಿ. ಹಾಲ್ ಹೊಗಳುತ್ತಾ ನಿಲ್ಲುವವರು ಬೇರೆ. ಕೆಲಸ ಗೊತ್ತಿರುವವರು ಮಾಳಿಗೆ ಹತ್ತಿ ಪ್ಯಾರಪೆಟ್ ಬುಡದ ಬಿರುಕು ನೋಡುತ್ತಾರೆ, ಸಂಪಿನ ಮುಚ್ಚಳ ಎತ್ತಿಸುತ್ತಾರೆ, ಪಾಲಿಕೆ ನೀರು ಎಷ್ಟು ದಿನಕ್ಕೊಮ್ಮೆ, ಬೋರ್‌ನಲ್ಲಿ ಏಪ್ರಿಲ್‌ನಲ್ಲೂ ನೀರಿರುತ್ತಾ ಎಂದು ಕೇಳುತ್ತಾರೆ, ಬಾಗಿಲು ಯಾವ ದಿಕ್ಕು ನೋಡುತ್ತಾರೆ, ಆಮೇಲೆ ‘ಇಸಿ (ಋಣಭಾರ ಪ್ರಮಾಣಪತ್ರ) ತೆಗೆಸಿದ್ದೀರಾ? ಖಾತೆ ಯಾರ ಹೆಸರಲ್ಲಿದೆ? ತಂಗಿಯರು ಎಷ್ಟು ಜನ?’ ಎನ್ನುತ್ತಾರೆ. ಕೊನೆಯ ಪ್ರಶ್ನೆ ಕೇಳಿದವರನ್ನು ಪಟ್ಟಿಯಲ್ಲಿ ಮೇಲಕ್ಕೆ ಹಾಕಿ, ಕಾರಣ ಮುಂದೆ ಕಾಗದದ ಮಾತಿನಲ್ಲಿ ಬರುತ್ತದೆ.

ಪಾರ್ಟಿ ಎಲ್ಲಿಂದ ತರುತ್ತೀರಿ ಎಂದೂ ಕೇಳಬೇಕು. ನಮ್ಮಲ್ಲಿ ನಗದು ಬಲದ ಮೇಲೆ ಮನೆ ಕೊಳ್ಳುವವರಲ್ಲಿ ಚನ್ನಗಿರಿ ಕಡೆಯ ಅಡಿಕೆ ಬೆಳೆಗಾರರು, ಭದ್ರಾ ನಾಲೆಯ ಭತ್ತದ ರೈತರು, ಎಪಿಎಂಸಿಯ ವ್ಯಾಪಾರಸ್ಥರು ಇದ್ದಾರೆ. ಮಕ್ಕಳ ಓದಿಗೆ ಊರಲ್ಲೊಂದು ಮನೆ ಬೇಕು ಎಂಬುದು ಅವರ ಮುಖ್ಯ ಕಾರಣ. ವೈದ್ಯಕೀಯ, ಎಂಜಿನಿಯರಿಂಗ್ ಕಾಲೇಜುಗಳ ಹತ್ತಿರದ ಮನೆಯಾದರೆ ಮೇಲ್ಮಹಡಿಯನ್ನು ವಿದ್ಯಾರ್ಥಿಗಳಿಗೆ ಬಾಡಿಗೆ ಕೊಡಬಹುದೆಂಬ ಲೆಕ್ಕ ಹಾಕುವವರೂ ಇದ್ದಾರೆ. ನಿಮ್ಮ ಮನೆ ಯಾರಿಗೆ ಒಗ್ಗುತ್ತದೋ ಅವರ ಜೊತೆ ಒಡನಾಟವಿರುವ ಬ್ರೋಕರ್ ನಿಮಗೆ ಬೇಕು.

ಕೊನೆಯ ಪರೀಕ್ಷೆ: ಪರಿಚಯದವರೊಬ್ಬರಿಂದ ಆ ಬ್ರೋಕರ್‌ಗೆ ಕೊಳ್ಳುವವರಂತೆ ಫೋನು ಮಾಡಿಸಿ, ಅವರ ಕೈಯಲ್ಲಿರುವ ಬೇರೊಂದು ಮನೆ ವಿಚಾರಿಸಲಿ. ಮೊದಲ ನಿಮಿಷದಲ್ಲೇ ‘ಓನರ್‌ಗೆ ಅರ್ಜೆಂಟಿದೆ, ಇಳಿಸ್ತಾರೆ’ ಎಂದರೆ ನಾಳೆ ನಿಮ್ಮ ಮನೆಯ ಬಗ್ಗೆಯೂ ಹಾಗೇ ಹೇಳುತ್ತಾರೆ.

ಕಾಗದದ ಮೇಲೆ ಏನಿರಬೇಕು

ಒಬ್ಬರನ್ನು ಆರಿಸಿ 90 ದಿನ ಅವರಿಗೊಬ್ಬರಿಗೇ ಕೊಡುವುದು ಮಂದ ಮಾರುಕಟ್ಟೆಯಲ್ಲಿ ಮೇಲು ಎಂಬುದು ನಮ್ಮ ಅಭಿಪ್ರಾಯ. ಜಾಹೀರಾತಿಗೆ, ಫೋಟೊಗೆ, ಓಡಾಟಕ್ಕೆ ಅವರು ಖರ್ಚು ಮಾಡುವುದು ಆ ಖಾತ್ರಿ ಇದ್ದಾಗ ಮಾತ್ರ. ಹಳೇಪೇಟೆಯ ಮನೆಗೆ ಬೇಕಾದರೆ ಇಬ್ಬರು ಇರಲಿ, ಆದರೆ ಇಬ್ಬರಿಗೂ ಒಂದೇ ಬೆಲೆ ಬರೆದುಕೊಡಿ. ಒಂದು ಪುಟದ ಒಪ್ಪಂದ ಸಾಕು: ಕೇಳುವ ಬೆಲೆ; ನಿಮ್ಮ ಒಪ್ಪಿಗೆ ಇಲ್ಲದೆ ಅದಕ್ಕಿಂತ ಕೆಳಗೆ ಮಾತಾಡಬಾರದು; ಬಂದ ಪ್ರತಿ ಆಫರ್ ಎಷ್ಟೇ ಕಡಿಮೆಯಿದ್ದರೂ ಅದೇ ದಿನ ವಾಟ್ಸಾಪಿನಲ್ಲಿ ತಿಳಿಸಬೇಕು; ಕಮಿಷನ್ ಇಂತಿಷ್ಟು ಶೇಕಡಾ, ಕ್ರಯಪತ್ರ ನೋಂದಣಿಯಾದ ದಿನ, ಅಡ್ವಾನ್ಸ್ ದಿನ ಅಲ್ಲ; ನಿಮ್ಮ ಪರವಾಗಿ ಯಾವ ಹಣವನ್ನೂ ಪಡೆಯುವ ಅಧಿಕಾರವಿಲ್ಲ; 90 ದಿನದ ನಂತರ ಒಪ್ಪಂದ ತಾನಾಗಿ ಮುಗಿಯುತ್ತದೆ. ಅವರ ಹಿತಕ್ಕೂ ಒಂದು ಸಾಲು ಬೇಕು: ಅವರು ತೋರಿಸಿದವರ ಹೆಸರಿನ ಪಟ್ಟಿ ಕೊಟ್ಟಿದ್ದರೆ, ಅವಧಿ ಮುಗಿದ ಮೂರು ತಿಂಗಳೊಳಗೆ ಅವರಲ್ಲೊಬ್ಬರು ಕೊಂಡರೂ ಕಮಿಷನ್ ಸಲ್ಲುತ್ತದೆ. ಇದನ್ನು ಬರೆದುಕೊಟ್ಟರೆ ಪಾರ್ಟಿಯನ್ನು ನಿಮ್ಮಿಂದ ಬಚ್ಚಿಡುವ ಅಗತ್ಯ ಅವರಿಗಿರುವುದಿಲ್ಲ.

ಮೂಲಪತ್ರಗಳನ್ನು ಯಾರ ಕೈಗೂ ಕೊಡಬೇಡಿ. ಜೆರಾಕ್ಸ್ ಕೊಡಿ, ಪ್ರತಿ ಹಾಳೆಗೆ ಅಡ್ಡಲಾಗಿ ‘ಪರಿಶೀಲನೆಗೆ ಮಾತ್ರ’ ಎಂದು ಬರೆದು ದಿನಾಂಕ ಹಾಕಿ. ಖಾಲಿ ಛಾಪಾ ಕಾಗದಕ್ಕೆ ಸಹಿ, ‘ಆಮೇಲೆ ಟೈಪ್ ಮಾಡಿಸ್ತೀವಿ’ ಎಂಬ ಮಾತಿಗೆ ಸಹಿ, ಎರಡೂ ಬೇಡ.

ಪಾರ್ಟಿ ಬರುವ ಮುಂಚೆ ಕಾಗದ

ಮಂದ ಮಾರುಕಟ್ಟೆಯಲ್ಲಿ ಕೊಳ್ಳುವವರಿಗೆ ಹತ್ತು ಮನೆ ಕಾದಿವೆ. ‘ಇ-ಖಾತೆ ಅರ್ಜಿ ಹಾಕಿದ್ದೀವಿ, ಬರುತ್ತೆ’ ಎಂದರೆ ಅವರು ಹನ್ನೊಂದನೆಯದನ್ನು ನೋಡಲು ಹೋಗುತ್ತಾರೆ. ಆದ್ದರಿಂದ ಬೋರ್ಡು ಕಟ್ಟುವ ಮುಂಚೆಯೇ ಇವು ಕೈಯಲ್ಲಿರಲಿ: ಪಾಲಿಕೆಯ ಇ-ಖಾತೆ, ಮೂಲ ಕ್ರಯಪತ್ರ ಮತ್ತು ಅದಕ್ಕಿಂತ ಹಿಂದಿನ ಪತ್ರಗಳು, ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಿಂದ ತೆಗೆದ ಇಸಿ, ಕಟ್ಟಡ ಪರವಾನಗಿ ಮತ್ತು ನಕ್ಷೆ, ಬಡಾವಣೆಯ ಅನುಮೋದನೆ, ಈ ಸಾಲಿನ ಕಂದಾಯ ರಸೀದಿ, ನೀರು ಮತ್ತು ಬೆಸ್ಕಾಂ ಬಿಲ್ಲು. ಇಸಿಯನ್ನು 30 ವರ್ಷಕ್ಕೆ ತೆಗೆಸಿಬಿಡಿ. ಬ್ಯಾಂಕಿನ ವಕೀಲರು ಹೇಗೂ ಕೇಳುತ್ತಾರೆ.

ಎ ಖಾತೆಯೋ (ನಿಯಮದಂತೆ ಅನುಮೋದನೆಯಿರುವ ಆಸ್ತಿಗೆ) ಬಿ ಖಾತೆಯೋ (ಅದಿಲ್ಲದ ಆಸ್ತಿಗೆ) ಎಂಬುದನ್ನು ಮುಚ್ಚಿಡಬೇಡಿ. ಬಿ ಖಾತೆಯ ಮನೆಗೆ ಬಹುತೇಕ ರಾಷ್ಟ್ರೀಕೃತ ಬ್ಯಾಂಕುಗಳು ಸಾಲ ಕೊಡುವುದಿಲ್ಲ. ನಿಮ್ಮ ಕೊಳ್ಳುವವರು ನಗದು ಬಲದವರು ಅಥವಾ ಹೆಚ್ಚಿನ ಬಡ್ಡಿಗೆ ಖಾಸಗಿ ಸಂಸ್ಥೆಯಿಂದ ತರುವವರು. ಬೆಲೆಯನ್ನೂ ಬ್ರೋಕರ್‌ನನ್ನೂ ಅದಕ್ಕೆ ತಕ್ಕಂತೆ ಆರಿಸಬೇಕು. ಪಾಲಿಕೆಯ ಗಡಿ ದಾಟಿದ ಪಂಚಾಯಿತಿ ಮನೆಗಳಿಗೆ ಇ-ಸ್ವತ್ತು (ಪಂಚಾಯಿತಿ ಆಸ್ತಿ ದಾಖಲೆಯ ತಂತ್ರಾಂಶ) ಕೊಡುವ ನಮೂನೆ 9 ಮತ್ತು 11ಎ ಬೇಕು. 11ಬಿ ಇದ್ದರೆ ಬಿ ಖಾತೆಯದ್ದೇ ಕಥೆ.

ಎಲ್ಲಕ್ಕಿಂತ ಹೆಚ್ಚು ಮಾರಾಟಗಳು ನಿಲ್ಲುವುದು ಕುಟುಂಬದ ಸಹಿಯಲ್ಲಿ. ತಂದೆಯ ಹೆಸರಿನ ಮನೆ, ತಂದೆ ಇಲ್ಲ, ಖಾತೆ ಅಣ್ಣನ ಹೆಸರಿಗೆ ಬಂದಿದೆ ಎಂದ ಮಾತ್ರಕ್ಕೆ ಅಣ್ಣ ಒಬ್ಬನೇ ಮಾರಲಾಗುವುದಿಲ್ಲ. ಖಾತೆ ಎಂಬುದು ಕಂದಾಯದ ದಾಖಲೆ, ಹಕ್ಕುಪತ್ರವಲ್ಲ. ವಿಲ್ ಬರೆಯದೆ ತೀರಿಕೊಂಡ ತಂದೆಯ ಆಸ್ತಿಯಲ್ಲಿ ತಾಯಿಗೂ ಎಲ್ಲ ಮಕ್ಕಳಿಗೂ ಪಾಲಿದೆ. ಪಿತ್ರಾರ್ಜಿತದಲ್ಲೂ ಹೆಣ್ಣುಮಕ್ಕಳಿಗೆ ಹುಟ್ಟಿನಿಂದಲೇ ಸಮಪಾಲು ಎಂದು ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯನ್ನು ವಿವರಿಸುತ್ತಾ 2020ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ. ಹರಿಹರಕ್ಕೋ ಹುಬ್ಬಳ್ಳಿಗೋ ಕೊಟ್ಟ ತಂಗಿಯ ಸಹಿ ಬೇಕೇ ಬೇಕು. ನಾಡಕಚೇರಿಯಿಂದ ವಂಶವೃಕ್ಷ ಮಾಡಿಸಿ, ಎಲ್ಲರೂ ಕ್ರಯಪತ್ರಕ್ಕೆ ಮಾರಾಟಗಾರರಾಗಿಯೇ ಸಹಿ ಹಾಕುತ್ತಾರೋ ಅಥವಾ ಮೊದಲೇ ಹಕ್ಕು ಬಿಡುಗಡೆ ಪತ್ರ ನೋಂದಾಯಿಸುತ್ತಾರೋ ತೀರ್ಮಾನಿಸಿ. ‘ಸಹಿಗೆ ಬರ್ತಾಳೆ ಬಿಡಿ’ ಎಂದು ಅಡ್ವಾನ್ಸ್ ಪಡೆದ ಮೇಲೆ ಪಾಲಿನ ಮಾತು ಎದ್ದರೆ ಮನೆಯೂ ಹೋಗುವುದಿಲ್ಲ, ಮನಸ್ಸೂ ಒಡೆಯುತ್ತದೆ. ಆಕೆಯ ಪಾಲು ಎಷ್ಟೆಂದು ಮೊದಲೇ ಕೂತು ಮಾತಾಡುವುದು ನ್ಯಾಯವೂ ಹೌದು, ಸಲೀಸೂ ಹೌದು.

ಭೋಗ್ಯಕ್ಕೆ ಕೊಟ್ಟ ಮನೆಯಾದರೆ ಇನ್ನೊಂದು ಗಂಟು. ಐದು ಲಕ್ಷ ಭೋಗ್ಯದ ಹಣ ವಾಪಸು ಕೊಡದೆ ಅವರು ಬಿಡುವುದಿಲ್ಲ, ಮನೆ ಖಾಲಿಯಾಗದೆ ಕೊಳ್ಳುವವರು ಪೂರ್ತಿ ಹಣ ಕೊಡುವುದಿಲ್ಲ. ಅಡ್ವಾನ್ಸ್ ಮೊತ್ತವನ್ನು ಭೋಗ್ಯದ ಹಣಕ್ಕೆ ಸಾಲುವಷ್ಟು ಕೇಳಿ, ಅದನ್ನು ಭೋಗ್ಯದವರಿಗೆ ಕೊಡುವುದು ಮತ್ತು ಅವರು ಖಾಲಿ ಮಾಡುವ ದಿನಾಂಕ ಎರಡನ್ನೂ ಮೂವರ ಸಹಿಯಿರುವ ಒಂದೇ ಕಾಗದದಲ್ಲಿ ಬರೆಸಿ.

ಬೆಲೆ ಇಳಿಸುವ ಮುಂಚೆ ಮಾರ್ಗಸೂಚಿ ಬೆಲೆ ನೋಡಿ

ಕಾವೇರಿ ಜಾಲತಾಣದಲ್ಲಿ ನಿಮ್ಮ ಬಡಾವಣೆಯ ಮಾರ್ಗಸೂಚಿ ಬೆಲೆ, ಅಂದರೆ ನೋಂದಣಿಗೆ ಸರ್ಕಾರ ನಿಗದಿ ಮಾಡಿದ ಕನಿಷ್ಠ ಬೆಲೆ, ಸಿಗುತ್ತದೆ. ಬೆಲೆ ಇಳಿಸುತ್ತಾ ಅದಕ್ಕಿಂತ ಕೆಳಗೆ ಹೋದರೆ ಎರಡು ತೊಂದರೆ. ಕೊಳ್ಳುವವರು ಮುದ್ರಾಂಕ ಶುಲ್ಕ ಕಟ್ಟುವುದು ಮಾರ್ಗಸೂಚಿ ಬೆಲೆಯ ಮೇಲೆಯೇ. ಮತ್ತೆ ಮಾರ್ಗಸೂಚಿ ಬೆಲೆ ನಿಮ್ಮ ಕ್ರಯದ ಶೇ. 110 ದಾಟಿದರೆ, ಆದಾಯ ತೆರಿಗೆಯವರು ನೀವು ಮಾರ್ಗಸೂಚಿ ಬೆಲೆಗೇ ಮಾರಿದಂತೆ ಲೆಕ್ಕ ಹಿಡಿಯುತ್ತಾರೆ. 44 ಲಕ್ಷಕ್ಕೆ ಮಾರಿದಿರಿ, ಮಾರ್ಗಸೂಚಿ 50 ಲಕ್ಷ, 44ರ ಶೇ. 110 ಎಂದರೆ 48.4, ಅದು ದಾಟಿದೆ. ಕೈಗೆ ಬಾರದ ಆರು ಲಕ್ಷಕ್ಕೂ ಲಾಭದ ತೆರಿಗೆ ಲೆಕ್ಕಕ್ಕೆ ಬರುತ್ತದೆ.

ಕೊಳ್ಳುವವರ ಜೇಬನ್ನೂ ಅರಿತಿರಬೇಕು. ಪಾಲಿಕೆ ವ್ಯಾಪ್ತಿಯಲ್ಲಿ ಮುದ್ರಾಂಕ ಶುಲ್ಕ ಶೇ. 5, ಅದರ ಮೇಲಿನ ಸೆಸ್, ಸರ್ಚಾರ್ಜ್ ಸೇರಿ 5.6, ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ. 1 ಇದ್ದದ್ದು 2 ಆಗಿದೆ. ಒಟ್ಟು ಶೇ. 7.6. ಕ್ರಯ 46 ಲಕ್ಷವಾದರೆ 3,49,600 ರೂಪಾಯಿ, ಇದಕ್ಕೆ ಬ್ಯಾಂಕು ಸಾಲ ಕೊಡುವುದಿಲ್ಲ. ಅವರು ಕೊನೆಯಲ್ಲಿ ‘ಒಂದು ಲಕ್ಷ ಬಿಡಿ’ ಎನ್ನುವುದು ಹಲವು ಸಲ ಈ ಹೊರೆಯಿಂದ.

ಇದೇ ಹೊರೆ ತಪ್ಪಿಸಲು ‘ಪತ್ರದಲ್ಲಿ ಕಡಿಮೆ ತೋರಿಸೋಣ, ಉಳಿದದ್ದು ನಗದು’ ಎಂಬ ಮಾತೂ ಬರುತ್ತದೆ. ಬೇಡ. ಸ್ಥಿರಾಸ್ತಿ ವ್ಯವಹಾರದಲ್ಲಿ 20 ಸಾವಿರ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆದರೆ ಪಡೆದಷ್ಟೇ ದಂಡ ಬೀಳಬಹುದು, ಮತ್ತು ಅದು ಬೀಳುವುದು ಪಡೆದ ನಿಮ್ಮ ಮೇಲೆ. ಕ್ರಯ ಅಥವಾ ಮಾರ್ಗಸೂಚಿ ಬೆಲೆ 50 ಲಕ್ಷ ಮುಟ್ಟಿದರೆ ಕೊಳ್ಳುವವರು ಶೇ. 1 ಟಿಡಿಎಸ್ ಹಿಡಿದು ನಿಮ್ಮ ಪ್ಯಾನ್‌ಗೆ ಕಟ್ಟಬೇಕು. ಅದರ ಪ್ರಮಾಣಪತ್ರ ಕೇಳಿ ಪಡೆಯಿರಿ. ಎರಡು ವರ್ಷಕ್ಕಿಂತ ಹೆಚ್ಚು ಕಾಲ ನಿಮ್ಮದಾಗಿದ್ದ ಮನೆಯ ಲಾಭಕ್ಕೆ ಶೇ. 12.5 ತೆರಿಗೆ; 2024ರ ಜುಲೈ 23ಕ್ಕಿಂತ ಮೊದಲು ಕೊಂಡದ್ದಾದರೆ ಹಣದುಬ್ಬರ ಕಳೆದು ಶೇ. 20ರ ಲೆಕ್ಕವನ್ನೂ ಮಾಡಿ ನೋಡಿ ಕಡಿಮೆಯದನ್ನು ಕಟ್ಟಬಹುದು. ಅಡ್ವಾನ್ಸ್ ಪಡೆಯುವ ಮುಂಚೆ ಲೆಕ್ಕಪರಿಶೋಧಕರ ಬಳಿ ಅರ್ಧ ಗಂಟೆ ಕೂತು ಬನ್ನಿ.

ಯಾವಾಗ, ಹೇಗೆ ಮುಗಿಸುವುದು

ಸಂಕ್ರಾಂತಿಯಿಂದ ಅಕ್ಷಯ ತೃತೀಯದವರೆಗಿನ ಕಾಲ ನಮ್ಮಲ್ಲಿ ಮನೆ ಮಾತಿಗೆ ಒಳ್ಳೆಯದು. ಸುಗ್ಗಿಯ ಹಣ ಕೈಸೇರಿರುತ್ತದೆ, ಜೂನ್‌ನ ಶಾಲೆಗೆ ಮುಂಚೆ ಊರಿಗೆ ಬಂದು ನೆಲೆಸಬೇಕೆನ್ನುವವರು ಹುಡುಕುತ್ತಿರುತ್ತಾರೆ. ಆಷಾಢ, ಪಿತೃಪಕ್ಷ, ಧನುರ್ಮಾಸದಲ್ಲಿ ಅಡ್ವಾನ್ಸ್ ಕೊಡುವವರು ಕಡಿಮೆ. ಆ ದಿನಗಳನ್ನು ಇ-ಖಾತೆ, ಮಾಳಿಗೆ ಸೋರಿಕೆ, ಸುಣ್ಣಬಣ್ಣಕ್ಕೆ ಬಳಸಿ. ಸೋರಿಕೆಯನ್ನು ಬಣ್ಣದಿಂದ ಮುಚ್ಚಬೇಡಿ, ಮೇಲಿಂದ ರಿಪೇರಿ ಮಾಡಿಸಿದ ಬಿಲ್ಲು ತೋರಿಸಿ.

ಅಡ್ವಾನ್ಸ್ ಶೇ. 10, ಬ್ಯಾಂಕ್ ಮೂಲಕ. ಅವಧಿ ಸಾಲವಿದ್ದರೆ ಎರಡರಿಂದ ಮೂರು ತಿಂಗಳು, ಇಲ್ಲದಿದ್ದರೆ ಒಂದೇ ತಿಂಗಳು, ಅಂತಿಮ ದಿನಾಂಕ ಇಸವಿಯ ಸಮೇತ. ಸಾಲ ನಿರಾಕರಣೆಯಾದರೆ ಅಡ್ವಾನ್ಸಿನಲ್ಲಿ ಎಷ್ಟು ವಾಪಸು, ಎಷ್ಟು ದಿನದಲ್ಲಿ ಎಂಬುದನ್ನೂ ಬರೆಯಿರಿ. ಇದೊಂದು ಸಾಲು ಇಲ್ಲದ್ದರಿಂದ ಆಗುವ ಜಗಳಗಳಿಗೆ ಲೆಕ್ಕವಿಲ್ಲ. ನಿಮ್ಮದೇ ಗೃಹಸಾಲ ಬಾಕಿಯಿದ್ದರೆ ಬ್ಯಾಂಕಿನಿಂದ ಬಾಕಿಯ ಪತ್ರ ತೆಗೆದು, ಕೊಳ್ಳುವವರ ಬ್ಯಾಂಕ್ ಆ ಮೊತ್ತವನ್ನು ನೇರ ನಿಮ್ಮ ಸಾಲದ ಖಾತೆಗೆ ಕಟ್ಟುವಂತೆ ಮಾಡಿ. ಸಾಲ ತೀರಿದ 30 ದಿನದೊಳಗೆ ಮೂಲಪತ್ರ ವಾಪಸು ಕೊಡಬೇಕು, ತನ್ನ ತಪ್ಪಿನಿಂದ ತಡ ಮಾಡಿದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕು ಎಂದು ರಿಸರ್ವ್ ಬ್ಯಾಂಕ್ ನಿಯಮವಿದೆ. ಅಡಮಾನ ಬಿಡುಗಡೆ ಇಸಿಯಲ್ಲಿ ಬಂದಿದೆಯೇ ಎಂದು ಇನ್ನೊಂದು ಇಸಿ ತೆಗೆದು ನೋಡಿ.

ನೋಂದಣಿಯ ಹಿಂದಿನ ದಿನ ಕರಡನ್ನು ನಿಧಾನ ಓದಿ: ಚೆಕ್ಕುಬಂದಿ (ನಾಲ್ಕು ಕಡೆಯ ಗಡಿ), ಅಳತೆ, ಖಾತೆ ನಂಬರ್, ಹೆಸರಿನ ಕಾಗುಣಿತ ಆಧಾರ್‌ನಲ್ಲಿದ್ದಂತೆಯೇ ಇರಲಿ, ಪ್ರತಿ ಪಾವತಿಯ ಡಿಡಿ ಅಥವಾ ಆರ್‌ಟಿಜಿಎಸ್ ಸಂಖ್ಯೆ ಪತ್ರದಲ್ಲೇ ಬರಲಿ. ಡಿಡಿಯಾದರೆ ಸಹಿಗೆ ಮುಂಚೆ ಕೈಗೆ ಪಡೆದು ಹೆಸರು, ಮೊತ್ತ ನೋಡಿ. ಕೀಲಿ ಕೊಡುವ ದಿನ ಬೆಸ್ಕಾಂ ಮೀಟರಿನ ಅಂಕಿಯ ಫೋಟೊ ತೆಗೆದು ಅಲ್ಲಿವರೆಗಿನ ಬಿಲ್ಲು ಕಟ್ಟಿ, ಆರ್‌ಆರ್ ನಂಬರಿನ (ವಿದ್ಯುತ್ ಸಂಪರ್ಕದ ಸಂಖ್ಯೆ) ಹೆಸರು ಬದಲಾವಣೆಯ ಅರ್ಜಿಗೆ ಅಲ್ಲೇ ಸಹಿ ಹಾಕಿಕೊಡಿ. ಬ್ರೋಕರ್‌ನ ಕಮಿಷನ್ ಅದೇ ಸಂಜೆ, ಖಾತೆಗೆ, ರಸೀದಿ ಪಡೆದು.